ಹನ್ನೆರಡು ಹೊಡೆದರೂ ಒಳಗೆ ಹೋಗದ ಡಬ್ಬ

ಮಿಸ್ ವಿನಿಫ್ರೆಡ್ ಗೋರ್ನಲ್ ತೀರಿಕೊಂಡರೆಂಬುದು ಸ್ಪಿಂಡಲ್ ಬೀದಿಗೆ ತಿಳಿದದ್ದು ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆಗೆ. ತಿಳಿಸಿದವರು ವೈದ್ಯರಲ್ಲ, ಪಾದ್ರಿಗಳಲ್ಲ, ನೆಂಟರೂ ಅಲ್ಲ. ಪುರಸಭೆಯ ಪಿಲ್ಲಿಂಗ್ ಸಾಹೇಬರು. ಕಸದ ಡಬ್ಬವನ್ನು ಎರಡು ದಿನ ಫುಟ್‌ಪಾತಿನ ಮೇಲೆ ನಿಲ್ಲಿಸಿ ದಾರಿಗೆ ಅಡ್ಡಿ ಮಾಡಿದ ತಪ್ಪಿಗಾಗಿ ಆಕೆಗೆ ನೋಟೀಸು ಕೊಡಲು ಅವರು ಬಂದಿದ್ದರು. ನೋಟೀಸು ಪಡೆಯಬೇಕಾದವರು ಅದಕ್ಕೆ ಮೊದಲೇ ಯಾವ ಪುರಸಭೆಯ ಮಾತೂ ನಡೆಯದ ಕಡೆಗೆ ಹೊರಟುಹೋಗಿದ್ದರು.

ಎದುರು ಮನೆಯ ಡೋರೀನ್ ರಿಗ್ಬಿಯ ಹತ್ತಿರ ಇದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಇಬ್ಬರೂ ಒಳಗೆ ಹೋದರು. ಹೊರಗೆ ಬಂದಾಗ ಪಿಲ್ಲಿಂಗ್ ಸಾಹೇಬರ ಟೋಪಿ ಕೈಯಲ್ಲಿತ್ತು. ನೋಟೀಸು ಜೇಬಿಗೆ ಹೋಗಿತ್ತು.

"ಈ ಅಮ್ಮನಿಗೆ ಯಾರಾದ್ರೂ ತಮ್ಮವರು ಅಂತ ಇದ್ದಾರಾ?" ಎಂದು ಅವರು ಕೇಳಿದರು.

"ನಾವೇ," ಎಂದಿತು ಬೀದಿ.

ಡೋರೀನ್ ಒಮ್ಮೆ ಮಿಸ್ ಗೋರ್ನಲ್ ಅವರ ಒಂಬತ್ತನೇ ನಂಬರಿನ ಮನೆ ಮುಂದೆ ನಿಂತಿದ್ದ ಬೂದು ಡಬ್ಬವನ್ನು ನೋಡಿದಳು. ಆಮೇಲೆ ಸಿರಿಲ್ ಕಾಟಮ್‌ನನ್ನು ನೋಡಿದಳು. ಅವಳನ್ನು ನೋಡಿ ಉಳಿದವರೂ ಹಾಗೇ ಡಬ್ಬವನ್ನೂ ಸಿರಿಲ್‌ನನ್ನೂ ನೋಡಿದರು. ಅವನು ರಿಪೇರಿಯಾದ ರಬ್ಬರು ಪೈಪನ್ನು ಸುತ್ತಿ, ಸನ್ಮಾನದ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ನಿಂತಿದ್ದ. ಇಡೀ ಬೀದಿ ಒಟ್ಟಿಗೆ ತನ್ನನ್ನು ತಿರುಗಿ ನೋಡಬೇಕೆಂದು ಮೂರು ತಿಂಗಳಿಂದ ಅವನಿಗೆ ಆಸೆಯಿತ್ತು. ದೇವರು ಅದನ್ನು ಅಂದು ಈಡೇರಿಸಿದ.

ಮೊದಲಿನಿಂದ ಹೇಳಬೇಕು.

ಲ್ಯಾಂಕಶೈರಿನ ಸಣ್ಣ ಊರುಗಳಲ್ಲಿ ಪ್ರತಿ ಮನೆಗೂ ಗಾಲಿಯಿರುವ ಮೂರು ಡಬ್ಬಗಳಿರುತ್ತವೆ. ಬೂದು ಡಬ್ಬ ಮನೆ ಕಸಕ್ಕೆ, ನೀಲಿಯದು ಕಾಗದಕ್ಕೆ, ಕಂದು ಬಣ್ಣದ್ದು ಸೀಸೆಗೆ. ಪ್ರತಿ ಬುಧವಾರ ಲಾರಿ ಬರುತ್ತದೆ. ಒಂದೊಂದು ವಾರ ಒಂದೊಂದು ಬಣ್ಣ. ಯಾವ ವಾರ ಯಾವುದೆಂದು ಪುರಸಭೆ ಒಂದು ಪಟ್ಟಿ ಅಚ್ಚು ಹಾಕಿಸಿ ಮನೆಮನೆಗೂ ಹಂಚುತ್ತದೆ. ಸ್ಪಿಂಡಲ್ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಆ ಪಟ್ಟಿಯನ್ನು ಓದುತ್ತಿದ್ದವರು ಮಿಸ್ ಗೋರ್ನಲ್ ಒಬ್ಬರೇ. ಮಂಗಳವಾರ ಸಂಜೆ ಆರಕ್ಕೆ ಅವರು ಡಬ್ಬ ಹೊರಗೆಳೆಯುತ್ತಿದ್ದರು. ಗಾಲಿಯ ಸದ್ದಾದೊಡನೆ ಪರದೆಗಳು ಸರಿಯುತ್ತಿದ್ದವು. "ನೀಲಿ!" ಎಂದು ಒಳಗೆ ಒಬ್ಬರು ಕೂಗುತ್ತಿದ್ದರು, ಕಾಲು ಗಂಟೆಯಲ್ಲಿ ಬೀದಿಯುದ್ದಕ್ಕೂ ನೀಲಿ. ಇದರಲ್ಲಿ ನಾಚಿಕೆಯೇನೂ ಇರಲಿಲ್ಲ. ಪ್ಯಾರಿಷ್ ಶಾಲೆಯಲ್ಲಿ ಅರ್ಧ ಬೀದಿಗೆ ಅಕ್ಷರ ಕಲಿಸಿದವರು ಅವರೇ. ಎಂಬತ್ತಾರು ವರ್ಷವಾಗಿದ್ದರೂ ಅವರ ಮುಂದೆ ಯಾರೂ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಲ್ಲುತ್ತಿರಲಿಲ್ಲ.

ಅವರು ಮಾಡಿದ್ದ ಇನ್ನೊಂದು ಕಟ್ಟಳೆಯಿತ್ತು. ಖಾಲಿಯಾದ ಡಬ್ಬ ಚರ್ಚಿನ ಹನ್ನೆರಡರ ಗಂಟೆ ಹೊಡೆಯುವ ಮೊದಲು ಒಳಗೆ ಹೋಗಬೇಕು. ಹೋಗದಿದ್ದರೆ ಪಕ್ಕದವರು ಆ ಮನೆಯ ಬಾಗಿಲು ತಟ್ಟಬೇಕು. ಹನ್ನೊಂದು ವರ್ಷದ ಹಿಂದೆ ಮುದುಕ ಹೆಸ್ಕೆತ್ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡು ಬಿದ್ದಿದ್ದಾಗ, ಹೊರಗೇ ಉಳಿದ ಡಬ್ಬ ನೋಡಿ ಮಿಸ್ ಗೋರ್ನಲ್ ಬಾಗಿಲು ತಟ್ಟಿದ್ದರಿಂದ ಅವನು ಬದುಕಿದ. ಅಂದಿನಿಂದ ಒಬ್ಬಂಟಿ ಮುದುಕರೆಲ್ಲ ಆ ಗಂಟೆಯ ನಂಬಿಕೆಯ ಮೇಲೆ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಈ ಸುಭದ್ರವಾದ ವ್ಯವಸ್ಥೆಯೊಳಕ್ಕೆ ಸಿರಿಲ್ ಕಾಟಮ್ ಒಂದು ಪಂಪು ಹಿಡಿದು ನುಗ್ಗಿದ.

ಬಿಸ್ಕತ್ತು ಕಾರ್ಖಾನೆ ಮುಚ್ಚಿದಾಗ ಅವನಿಗೆ ಐವತ್ತೇಳು. ಇಪ್ಪತ್ತೊಂಬತ್ತು ವರ್ಷ ಬಿಸ್ಕತ್ತಿಗೆ ತೂತು ಹಾಕುವ ಯಂತ್ರದ ಮುಂದೆ ನಿಂತವನಿಗೆ ಬೇರೆ ಕಡೆ ಕೆಲಸ ಸಿಗಲಿಲ್ಲ. ಬಿಸ್ಕತ್ತಿನ ಹೊರಗೆ ತೂತಿನ ಅಗತ್ಯ ಜಗತ್ತಿಗೆ ಅಷ್ಟಾಗಿ ಇಲ್ಲ. ಹೆಂಡತಿ ಮಾವಿಸ್ ಶಾಲೆಯ ಅಡಿಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಒಂದು ಹಳೇ ವ್ಯಾನು, ನೀರು ಚಿಮ್ಮಿಸುವ ಪಂಪು, ನಿಂಬೆ ವಾಸನೆಯ ದ್ರವದ ಎರಡು ಕ್ಯಾನು ತಂದಿಟ್ಟುಕೊಂಡಿದ್ದ. ವ್ಯಾನಿನ ಮೇಲೆ ಬರೆಸಿದ್ದ: "ಕಾಟಮ್ ಅಂಡ್ ಕಂಪನಿ. ಕಸದ ಡಬ್ಬ ಶುದ್ಧೀಕರಣ ತಜ್ಞರು."

"ಕಂಪನಿ ಯಾರು?" ಎಂದಳು ಮಾವಿಸ್.

"ಸದ್ಯಕ್ಕೆ ಪಂಪು."

"ತಜ್ಞರು?"

"ನಾನು."

"ನಮ್ಮ ಡಬ್ಬ ಯಾವತ್ತಾದ್ರೂ ತೊಳೆದಿದ್ದೀಯಾ ನೀನು?"

"ಅದು ಮನೆಗೆಲಸ ಕಣೇ. ಇದು ಉದ್ಯಮ."

ಅವನು ಹಂಚಿದ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಲಾರಿ ಹೋದ ಮೇಲೆ ಡಬ್ಬ ಒಳಗೆಳೆಯಬೇಡಿ. ನಾವು ಬಂದು ತೊಳೆಯುವ ತನಕ ಹೊರಗೇ ಇರಲಿ. ಯಾರೂ ಮುಟ್ಟಬೇಡಿ."

ಮರುದಿನವೇ ಆ ಕರಪತ್ರ ಅವನ ಮನೆಗೆ ವಾಪಸು ಬಂತು, ಕೆಂಪು ಪೆನ್ಸಿಲಿನ ಗುರುತುಗಳೊಂದಿಗೆ. ತಂದವರು ಮಿಸ್ ಗೋರ್ನಲ್.

"ಸಿರಿಲ್, ಮೂರು ಕಡೆ ತಪ್ಪು ಬರೆದಿದ್ದೀಯ. ಅದು ಇರಲಿ. ಹೊರಗೇ ಬಿಡಿ ಅಂದಿದ್ದೀಯಲ್ಲ, ಹನ್ನೆರಡರ ಗಂಟೆ ಏನಾಗಬೇಕು?"

"ಹನ್ನೆರಡರ ಒಳಗೆ ಮುಗಿಸ್ತೀನಿ, ಮಿಸ್."

"ನೀನು ಯಾವತ್ತು ಯಾವುದನ್ನ ಹೊತ್ತಿಗೆ ಸರಿಯಾಗಿ ಮುಗಿಸಿದ್ದೀಯ, ಹೇಳು."

ಸಿರಿಲ್ ಯೋಚಿಸಿದ. ಯೋಚನೆಯೂ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ.

"ಸರಿ, ಹೀಗೆ ಮಾಡು," ಎಂದರು ಅವರು. "ತೊಳೆದರೂ ಸರಿ, ತೊಳೆಯದಿದ್ದರೂ ಸರಿ, ಡಬ್ಬದ ಹತ್ತಿರ ಬಂದವನು ಆ ಮನೆ ಬಾಗಿಲು ತಟ್ಟಿ ಮುಖ ನೋಡಿ ಹೋಗಬೇಕು. ಇದನ್ನೂ ಅಚ್ಚು ಹಾಕಿಸು. ಮಾಡ್ತೀಯಾ?"

"ಆಗಲಿ, ಮಿಸ್."

ಅಚ್ಚು ಹಾಕಿಸಲು ಮರೆತ. ಆದರೆ ಮಾತು ಕೊಟ್ಟದ್ದಂತೂ ನಿಜ. ಈ ಕಥೆಯಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಅದೊಂದೇ.

ಅವನ ಮೊದಲ ಗಿರಾಕಿ ಮಿಸ್ ಗೋರ್ನಲ್. ಮೂರು ತಿಂಗಳು ಕಳೆದ ಮೇಲೂ ಗಟ್ಟಿ ಗಿರಾಕಿ ಎಂದರೆ ಅವರೊಬ್ಬರೇ. ತೊಳೆದಾದ ಮೇಲೆ ಅವರು ಕನ್ನಡಕ ಏರಿಸಿ ಡಬ್ಬದೊಳಕ್ಕೆ ಬಗ್ಗಿ ನೋಡಿ, "ಪರವಾಗಿಲ್ಲ, ಮೂಲೆ ಇನ್ನೂ ಸ್ವಲ್ಪ," ಎಂದು ಹೇಳಿ, ಶಾಲೆಯ ಕಾಲದ ಚಿನ್ನದ ಬಣ್ಣದ ನಕ್ಷತ್ರವೊಂದನ್ನು ವ್ಯಾನಿನ ಬಾಗಿಲಿಗೆ ಅಂಟಿಸುತ್ತಿದ್ದರು. ಹೀಗೆ ಮೂರು ನಕ್ಷತ್ರ ಸೇರಿದ್ದವು. ಹಿಂದೆ ಶಾಲೆಯಲ್ಲಿ ಎರಡು ವರ್ಷ ಕೂತರೂ ಅವನಿಗೆ ಒಂದೂ ಸಿಕ್ಕಿರಲಿಲ್ಲ. ಅವನು ಆ ಡಬ್ಬವನ್ನು ಪ್ರದರ್ಶನಕ್ಕೆ ಬಳಸುತ್ತಿದ್ದ. "ನೋಡಿ, ತೊಳೆದು ತಿಂಗಳಾಯ್ತು, ಒಂದು ಕಲೆ ಇದೆಯಾ? ಇದರಲ್ಲಿ ಊಟ ಮಾಡಬಹುದು!" ಎನ್ನುತ್ತಿದ್ದ.

"ನೀನೇ ಮಾಡು," ಎನ್ನುತ್ತಿದ್ದ ಹನ್ನೊಂದನೇ ನಂಬರಿನ ಬೆರ್ನಾರ್ಡ್ ಸ್ನೇಪ್. ಅವನು ನಿವೃತ್ತ ಬಸ್ ಕಂಡಕ್ಟರು. ಮನುಷ್ಯರೆಲ್ಲ ಟಿಕೆಟ್ಟಿಲ್ಲದೆ ಹತ್ತಿದವರು ಎಂಬ ನೋಟದಿಂದಲೇ ಎಲ್ಲರನ್ನೂ ನೋಡುತ್ತಿದ್ದ.

ಕೊನೆಗೆ ಸ್ನೇಪ್ ಕೂಡ ಪರೀಕ್ಷೆಗೆಂದು ತನ್ನ ಡಬ್ಬವನ್ನು ಒಪ್ಪಿಸಿದ. ಆ ಬುಧವಾರ ಸಿರಿಲ್ ಎಂದಿಗಿಂತ ತಡವಾಗಿ, ಹನ್ನೊಂದೂವರೆಗೆ ಬಂದ. ಮಿಸ್ ಗೋರ್ನಲ್ ಅವರ ಡಬ್ಬ ಮಾಮೂಲಿನಂತೆ ಹಿಡಿಯನ್ನು ರಸ್ತೆಗೆ ಮಾಡಿಕೊಂಡು ಕಾಯುತ್ತಿತ್ತು. ಹೊಸ ಗಿರಾಕಿಯನ್ನು ಮೆಚ್ಚಿಸಬೇಕೆಂದು ಸಿರಿಲ್ ಮೊದಲು ಸ್ನೇಪ್‌ನ ಡಬ್ಬಕ್ಕೆ ಕೈಹಾಕಿ, ಪಂಪನ್ನು ಪೂರ್ತಿ ತಿರುಗಿಸಿದ. ಪೈಪು ಒಂದು ಸಲ ಹೆಡೆಯೆತ್ತಿತು. ಆಮೇಲೆ ಕೈ ತಪ್ಪಿಸಿಕೊಂಡು, ತೆರೆದಿದ್ದ ಕಿಟಕಿಯ ಮೂಲಕ ಸ್ನೇಪ್‌ನ ಮುಂದಿನ ಕೋಣೆಗೆ ನುಗ್ಗಿತು. ಅವನು ಆಗತಾನೇ ಮಾಂಸದ ಕಡುಬಿನಂಥ ಪೈ, ಬಟಾಣಿ ಬಡಿಸಿಕೊಂಡು ತಟ್ಟೆಯ ಮುಂದೆ ಕೂತಿದ್ದ.

"ನನ್ನ ಪೈ ಈಜ್ತಾ ಇದೆ ಕಣೋ!" ಎಂಬ ಕೂಗು ಬೀದಿಗೆಲ್ಲ ಕೇಳಿಸಿತು. "ಬಟಾಣಿ ಹೊರಗೆ ಹೋಯ್ತು! ನಿಲ್ಸೋ!"

"ನಿಲ್ತಾ ಇಲ್ಲ!"

"ಕಂಪನಿಗೆ ಹೇಳೋ!"

ಕಂಪನಿ ಕೊನೆಗೆ ಪೈಪನ್ನು ಸೀಳಿಕೊಂಡು ತಾನಾಗಿ ನಿಂತಿತು. ಸ್ನೇಪ್ ಫೋರ್ಕು ಹಿಡಿದು ಹೊರಗೆ ಬಂದ. ಸಿರಿಲ್ ವ್ಯಾನು ಹತ್ತಿದ. ಹತ್ತುವಾಗ ಒಂಬತ್ತನೇ ನಂಬರು ನೆನಪಾಯಿತು. ಒಳಗೆ ದೀಪ ಉರಿಯುತ್ತಿತ್ತು. ಇಳಿದು ಬಾಗಿಲು ತಟ್ಟಬೇಕಾಗಿತ್ತು. ಆದರೆ ಮೈಯೆಲ್ಲ ಒದ್ದೆ, ಹಿಂದೆ ಫೋರ್ಕು. ಅವನು ವ್ಯಾನಿನ ಕಿಟಕಿಯಿಂದಲೇ ಕೂಗಿದ: "ಮಿಸ್! ಪೈಪು ಒಡೆದಿದೆ! ಶುಕ್ರವಾರ ಬರ್ತೀನಿ! ಡಬ್ಬ ಅಲ್ಲೇ ಇರಲಿ!"

ಒಳಗಿನಿಂದ ಉತ್ತರ ಬರಲಿಲ್ಲ. ಕೂಗಿ ಮಾತಾಡುವವರಿಗೆ ಮಿಸ್ ಗೋರ್ನಲ್ ಎಂದೂ ಉತ್ತರ ಕೊಟ್ಟವರಲ್ಲ. ಅದು ಒಪ್ಪಿಗೆಯೇ ಎಂದುಕೊಂಡು ಸಿರಿಲ್ ಹೊರಟುಹೋದ.

ಚರ್ಚಿನಲ್ಲಿ ಹನ್ನೆರಡು ಹೊಡೆಯಿತು. ಡೋರೀನ್ ಪರದೆ ಸರಿಸಿ ನೋಡಿದಳು. ಮಿಸ್ ಗೋರ್ನಲ್ ಅವರ ಡಬ್ಬ ಹೊರಗಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೂ ಬಂದಳು. ಆಗ ಸಿರಿಲ್ ಕೂಗಿದ್ದು ನೆನಪಾಯಿತು. ಮತ್ತೆ ಒಳಗೆ ಹೋದಳು.

ಆದರೆ ಸಿರಿಲ್ ಕೂಗಿದ್ದನ್ನು ಕೇಳದವರೂ ಇದ್ದರು. ಅವರಿಗೆ ಕಂಡದ್ದು ಇಷ್ಟೇ: ಗಂಟೆ ಹೊಡೆದಿದೆ, ಮಿಸ್ ಗೋರ್ನಲ್ ಅವರ ಡಬ್ಬ ಹೊರಗಿದೆ. ಎಂದರೆ ಪುರಸಭೆ ಏನೋ ಬದಲಾಯಿಸಿದೆ, ಮಿಸ್ ಪಟ್ಟಿ ಓದಿದ್ದಾರೆ, ನಾವು ಓದಿಲ್ಲ. ಒಳಗೆ ಹೋಗಿದ್ದ ಡಬ್ಬಗಳು ಒಂದೊಂದಾಗಿ ಮತ್ತೆ ಹೊರಗೆ ಬಂದವು. ಸ್ನೇಪ್ ಬಟಾಣಿ ಹೆಕ್ಕುವುದನ್ನು ಅರ್ಧಕ್ಕೆ ಬಿಟ್ಟು, ಸಿಟ್ಟಿನಿಂದ ಒಳಗೆಳೆದುಕೊಂಡಿದ್ದ ತನ್ನದನ್ನೂ ಮತ್ತೆ ತಂದು ನಿಲ್ಲಿಸಿದ.

ಗುರುವಾರ ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದ ಸಿರಿಲ್ ಕಲ್ಲಾಗಿ ನಿಂತ. ಬೀದಿಯ ಎರಡೂ ಬದಿಗೆ, ಹಿಡಿ ರಸ್ತೆಗೆ ಮಾಡಿಕೊಂಡು, ಖಾಲಿ ಡಬ್ಬಗಳು ಸಾಲಾಗಿ ನಿಂತಿದ್ದವು.

"ಮಾವಿಸ್! ಬಾ ಇಲ್ಲಿ! ಎಲ್ಲರೂ ನಮ್ಮ ಗಿರಾಕಿಗಳಾಗಿಬಿಟ್ರು!"

ಮಾವಿಸ್ ಬಂದು ನೋಡಿದಳು. "ಹೀಗೆ ಒಂದೇ ರಾತ್ರೀಲಿ?"

"ನಿನ್ನೆ ಪಂಪಿನ ಜೋರು ಕಂಡ್ರಲ್ಲ."

"ಅವರು ಕಂಡದ್ದು ಸ್ನೇಪ್‌ನ ಬಟಾಣಿ."

"ಅಪನಂಬಿಕೆ ಪಾಪ ಕಣೇ," ಎಂದ ಸಿರಿಲ್. ಬ್ರೆಡ್ಡನ್ನೂ ತಿನ್ನದೆ ಹೋಗಿ ನಿಂಬೆ ದ್ರವದ ಎಂಟು ಕ್ಯಾನಿಗೆ ಹೇಳಿ ಬಂದ. ಎರಡನೇ ವ್ಯಾನಿನ ಮೇಲೆ ಏನು ಬರೆಸಬೇಕೆಂದು ಮಧ್ಯಾಹ್ನವೆಲ್ಲ ಯೋಚಿಸಿದ. ಸಂಜೆ ಬೀದಿಯಲ್ಲಿ ನಡೆದು ಹೋಗುವಾಗ ಪ್ರತಿ ಡಬ್ಬದ ಮುಚ್ಚಳವನ್ನೂ ಮೆಲ್ಲಗೆ ತಟ್ಟಿದ. ಬಾಗಿಲು ಮಾತ್ರ ಒಂದನ್ನೂ ತಟ್ಟಲಿಲ್ಲ.

ಶುಕ್ರವಾರ ಬೆಳಗ್ಗೆ, ತಳ್ಳುಗಾಡಿಯಲ್ಲಿ ಮಗು ತರುವ ಯಾರೋ ತಾಯಿಯ ದೂರಿನ ಮೇಲೆ ಪಿಲ್ಲಿಂಗ್ ಸಾಹೇಬರು ಬಂದರು. ಎದೆಗೆ ಬರೆಯುವ ಹಲಗೆ, ಹಲಗೆಗೆ ನೋಟೀಸಿನ ಪುಸ್ತಕ. ಮೊದಲು ಸ್ನೇಪ್‌ನ ಬಾಗಿಲಿಗೆ ಹೋದರು.

"ಡಬ್ಬ ಯಾಕ್ರೀ ಹೊರಗಿದೆ?"

"ಮಿಸ್ ಗೋರ್ನಲ್ ಅವರದು ಹೊರಗಿದೆ."

"ನಾನು ನಿಮ್ಮದು ಕೇಳ್ತಾ ಇದ್ದೀನಿ."

"ನಾನೂ ಅದೇ ಹೇಳ್ತಾ ಇದ್ದೀನಿ."

ಡೋರೀನ್ ಹತ್ತಿರ ಹೋದರು. ಹದಿಮೂರಕ್ಕೆ ಹೋದರು, ಹದಿನಾಲ್ಕಕ್ಕೆ ಹೋದರು. ಎಲ್ಲ ಕಡೆಯೂ ಅದೇ ಉತ್ತರ.

"ಯಾರ್ರೀ ಈ ಮಿಸ್ ಗೋರ್ನಲ್?" ಎಂದು ಪಿಲ್ಲಿಂಗ್ ಸಾಹೇಬರು ಬೀದಿಯ ಮಧ್ಯೆ ನಿಂತು ಕೇಳಿದರು. "ಪುರಸಭೆಯಲ್ಲಿ ಯಾವ ಹುದ್ದೆ?"

"ಹುದ್ದೆ ಏನೂ ಇಲ್ಲ. ನಮ್ಮ ಮೇಷ್ಟ್ರಮ್ಮ."

"ಇಪ್ಪತ್ತೆರಡು ಮನೆಯವರು ದೊಡ್ಡವರಾಗಿದ್ದೀರಿ, ಒಬ್ಬ ಮುದುಕಮ್ಮನ ಡಬ್ಬ ನೋಡ್ಕೊಂಡು ನಡೀತೀರಾ?"

"ಪುರಸಭೆ ನೋಡ್ಕೊಂಡು ನಡೆದವರು ಯಾರು ಉದ್ಧಾರ ಆಗಿದ್ದಾರೆ, ಹೇಳಿ," ಎಂದ ಸ್ನೇಪ್.

ಅಷ್ಟರಲ್ಲಿ ರಿಪೇರಿಯಾದ ಪೈಪು ಕೊರಳಿಗೆ ಹಾಕಿಕೊಂಡು ಸಿರಿಲ್ ಬಂದ. "ಸಾಹೇಬ್ರೇ, ಇವೆಲ್ಲ ನನ್ನವು," ಎಂದ ಹೆಮ್ಮೆಯಿಂದ.

"ನಿನ್ನವಾ?" ಎಂದರು ಬೀದಿಯವರು.

"ಇಪ್ಪತ್ತೆರಡು ಡಬ್ಬ ನಿನ್ನವಾ?" ಎಂದರು ಸಾಹೇಬರು, ನೋಟೀಸಿನ ಪುಸ್ತಕವನ್ನು ತಿರುವುತ್ತಾ.

ಸಿರಿಲ್ ಕರಪತ್ರ ತೆಗೆದು ತೋರಿಸಿದ. ಸಾಹೇಬರು ಓದಿದರು. ಯಾರೂ ಮುಟ್ಟಬೇಡಿ ಎಂಬಲ್ಲಿ ಬೆರಳಿಟ್ಟರು. "ಹಾಗಾದ್ರೆ ಎಲ್ಲರಿಗಿಂತ ಮೊದಲು ಬಿಟ್ಟವರು ಆ ಅಮ್ಮ. ನೋಟೀಸು ಅಲ್ಲಿಂದಲೇ ಶುರುವಾಗಲಿ," ಎಂದು ಹೋಗಿ ಒಂಬತ್ತನೇ ನಂಬರಿನ ಬಾಗಿಲು ತಟ್ಟಿದರು. ಮೂರು ಸಲ ತಟ್ಟಿದರು.

ಎರಡು ದಿನದಲ್ಲಿ ಆ ಬಾಗಿಲನ್ನು ತಟ್ಟಿದ ಮೊದಲ ಕೈ ಅದು.

ಶನಿವಾರ ಸಂಜೆ ಸಿರಿಲ್ ಚರ್ಚಿಗೆ ಹೋದ. ಫಾದರ್ ಕೀಗನ್ ಪಾಪನಿವೇದನೆಯ ಜಾಲರಿಯ ಹಿಂದೆ ಕೂತಿದ್ದರು. ಅವರಿಗೆ ಸ್ವಲ್ಪ ಕಿವಿ ಮಂದ. ಡಬ್ಬಗಳ ಕಾಯಿದೆಯಂತೂ ಅವರಿಗೆ ಗೊತ್ತೇ ಇರಲಿಲ್ಲ. ಅದನ್ನೆಲ್ಲ ಪಾದ್ರಿಮನೆಯ ಅಡಿಗೆಯವಳು ನೋಡಿಕೊಳ್ಳುತ್ತಿದ್ದಳು.

"ಫಾದರ್, ಡಬ್ಬದ ವಿಷಯದಲ್ಲಿ ಪಾಪ ಮಾಡಿದ್ದೀನಿ."

"ಡಬ್ಬದೊಳಗೆ ಏನಿತ್ತಪ್ಪ?"

"ಏನೂ ಇರಲಿಲ್ಲ, ಫಾದರ್."

"ಕದ್ದೆಯಾ?"

"ಇಲ್ಲ. ಮುಟ್ಟಲೂ ಇಲ್ಲ."

"ಒಡೆದೆಯಾ?"

"ಒಡೆದದ್ದು ಪೈಪು."

"ಮತ್ತೆ ಪಾಪ ಎಲ್ಲಿದೆ?"

"ಡಬ್ಬ ಹೊರಗಿತ್ತು, ಫಾದರ್."

ನಲವತ್ತು ವರ್ಷದಲ್ಲಿ ಎಂತೆಂಥ ಪಾಪಗಳನ್ನು ಕೇಳಿದ್ದರೂ, ಈ ಜಾತಿಯದು ಫಾದರ್ ಕೀಗನ್ ಅವರ ಕಿವಿಗೆ ಬಿದ್ದಿರಲಿಲ್ಲ. "ಮಗೂ, ಖಾಲಿ ಡಬ್ಬ, ಮುಟ್ಟಿಲ್ಲ, ಒಡೆದಿಲ್ಲ, ಅದರ ಪಾಡಿಗೆ ಅದು ಹೊರಗಿದೆ. ಮನೆಗೆ ಹೋಗಿ ಮಲಗು."

"ಮಿಸ್ ಗೋರ್ನಲ್ ಅವರ ಡಬ್ಬ, ಫಾದರ್. ಬಾಗಿಲು ತಟ್ತೀನಿ ಅಂತ ಮಾತು ಕೊಟ್ಟಿದ್ದೆ. ತಟ್ಟಲಿಲ್ಲ. ಒಳಗೆ ಅವರು ಬಿದ್ದಿದ್ರೋ, ಕೂಗ್ತಾ ಇದ್ರೋ, ನಾನು ಹೊರಗೆ ಶುಕ್ರವಾರ ಬರ್ತೀನಿ ಅಂತ..."

ಈಗ ಫಾದರ್‌ಗೆ ಪೂರ್ತಿ ಕೇಳಿಸಿತು. ಜಾಲರಿಯ ಹತ್ತಿರಕ್ಕೆ ಬಾಗಿದರು.

"ಸಿರಿಲ್, ಡಾಕ್ಟರು ನನಗೆ ಹೇಳಿದ್ದಾರೆ, ನಿನಗೂ ಹೇಳ್ತೀನಿ. ಅವರು ಬೀಳಲಿಲ್ಲ, ಕೂಗಲಿಲ್ಲ. ಮಂಗಳವಾರ ರಾತ್ರಿ ಕುರ್ಚಿಯಲ್ಲಿ ಕೂತ ಹಾಗೇ ಹೋದರು. ಜಪಮಾಲೆ ಕೈಯಲ್ಲಿತ್ತು. ಚಹಾ ಅರ್ಧ ಕುಡಿದಿದ್ದರು. ನೀನು ಕೂಗಿದ ಹೊತ್ತಿಗೆ ಅವರು ಆಗಲೇ ಇರಲಿಲ್ಲ. ತಟ್ಟಿದ್ರೂ ಉಳೀತಿರಲಿಲ್ಲ."

ಸಿರಿಲ್‌ನ ಎದೆಯಿಂದ ಇಳಿದ ಉಸಿರು ಜಾಲರಿಯಾಚೆಗೂ ಕೇಳಿಸಿತು.

"ಆದರೆ ಎರಡು ದಿನ," ಎಂದರು ಫಾದರ್. "ಒಂದು ಮೇಣದಬತ್ತಿ ಇಲ್ಲದೆ, ಪಕ್ಕದಲ್ಲಿ ಒಂದು ಪ್ರಾರ್ಥನೆ ಇಲ್ಲದೆ ಕೂತಿದ್ದರು. ಊರಿಗೆಲ್ಲ ಪ್ರಾರ್ಥನೆ ಕಲಿಸಿದವರು. ಅದು ನಿನ್ನ ಬಾಕಿ. ಬುಧವಾರ ಸಮಾಧಿಯ ಹತ್ತಿರ ಸತ್ತವರ ಪ್ರಾರ್ಥನೆ ನೀನೇ ಹೇಳು. ನಾನು ಹೇಳಲ್ಲ."

"ಫಾದರ್, ಬೇರೆ ಏನಾದ್ರೂ ಕೊಡಿ. ಉಪವಾಸ ಕೊಡಿ. ಆ ಪ್ರಾರ್ಥನೆ ನನಗೆ ಬರಲ್ಲ."

"ಬರಲ್ಲ ಅಂದ್ರೆ?"

"ಬೆಳಕು ಅನ್ನೋವರೆಗೆ ಬರುತ್ತೆ. ಆಮೇಲೆ ಕತ್ತಲು."

ಅದು ಸುಳ್ಳಲ್ಲ. ಏಳನೇ ವಯಸ್ಸಿನಲ್ಲಿ ತರಗತಿಯ ಮುಂದೆ ಕೈಮುಗಿದು ನಿಂತಾಗಲೆಲ್ಲ ಅವನು ಆ ಮಾತಿನ ಹತ್ತಿರ ನಿಲ್ಲುತ್ತಿದ್ದ. ಹಿಂದಿನ ಬೆಂಚಿನಿಂದ ಯಾರಾದರೂ ಪಿಸುಗುಟ್ಟಿದರೆ ಮಿಸ್ ಗೋರ್ನಲ್ ಹೇಳುತ್ತಿದ್ದರು: "ಯಾರೂ ಹೇಳಿಕೊಡಬೇಡಿ. ಅವನೇ ಹೇಳಲಿ. ನಾವು ಕಾಯೋಣ." ಅವರು ಕಾಯುತ್ತಿದ್ದರು. ಎರಡು ವರ್ಷ ಕಾದರು.

ಮಂಗಳವಾರ ಸಂಜೆ ಆರು ಹೊಡೆಯಿತು. ಬೀದಿಯಲ್ಲಿ ಪರದೆಗಳೆಲ್ಲ ಸರಿದಿದ್ದವು, ಆದರೆ ಗಾಲಿಯ ಸದ್ದಿಲ್ಲ. ಮರುದಿನ ಲಾರಿ ಬರುತ್ತದೆ. ಹತ್ತು ಗಂಟೆಗೆ ಮಿಸ್ ಗೋರ್ನಲ್ ಅವರ ಅಂತ್ಯಕ್ರಿಯೆ. ಯಾವ ಡಬ್ಬ ಇಡಬೇಕೆಂದು ಒಬ್ಬರಿಗೂ ಗೊತ್ತಿಲ್ಲ. ಸ್ನೇಪ್ ನೀಲಿ ತಂದ, ಡೋರೀನ್ ಕಂದು ತಂದಳು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ವಾಪಸು ಎಳೆದುಕೊಂಡರು.

"ನೀನು ತಜ್ಞ ಅಲ್ವೇನೋ? ನೀನು ಹೇಳು," ಎಂದ ಸ್ನೇಪ್.

"ನಾನೂ ಅವರದನ್ನೇ ನೋಡ್ತಿದ್ದೆ," ಎಂದ ಸಿರಿಲ್.

ಕೊನೆಗೆ ಡೋರೀನ್ ಕೀಲಿ ತಂದಳು. ಅವಳು, ಸಿರಿಲ್ ಇಬ್ಬರೂ ಒಂಬತ್ತನೇ ನಂಬರಿನ ಹಿತ್ತಲಿಗೆ ಹೋದರು. ಮೂರು ಡಬ್ಬಗಳೂ ಗೋಡೆಗೆ ಬೆನ್ನು ಕೊಟ್ಟು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ ನೇರವಾಗಿ ನಿಂತಿದ್ದವು. ಶುಕ್ರವಾರ ಡೋರೀನ್ ಒಳಗೆ ತಂದಿಟ್ಟಿದ್ದ ಬೂದು ಡಬ್ಬದ ಮುಚ್ಚಳವನ್ನು ಸಿರಿಲ್ ಎತ್ತಿದ. ಒಳಗೆ ಒಂದು ಕಲೆಯಿಲ್ಲ. ಲಾರಿಯವರು ಕಸ ಸುರಿದ ಮೇಲೆ ಎರಡು ದಿನ ಬೀದಿಯಲ್ಲಿ ನಿಂತ ಡಬ್ಬ, ಅವನ ಪಂಪು ಮುಟ್ಟಿಯೇ ಇಲ್ಲ.

"ಇದು ಹೇಗೆ?" ಎಂದ.

ಡೋರೀನ್ ಏಪ್ರನ್ನಿನ ಅಂಚು ಸುತ್ತಿದಳು. "ಹೇಳಬಾರದು ಅಂದಿದ್ರು. ಅವರು ಕಸಾನ ಮೂರು ಸುತ್ತು ಕಾಗದದಲ್ಲಿ ಕಟ್ಟಿ ಹಾಕೋರು. ಮಂಗಳವಾರ ಕೆಟಲಿನಲ್ಲಿ ನೀರು ಕಾಯಿಸಿ, ಒಗೆಯೋ ಸೋಡಾ ಹಾಕಿ, ಉದ್ದ ಕುಂಚದಲ್ಲಿ ತಾವೇ ಉಜ್ಜಿ, ಕಟ್ಟುಗಳನ್ನ ಮತ್ತೆ ಒಳಗಿಡೋರು. ನನ್ನ ಮೇಲಿನ ಕಿಟಕಿಗೆ ಕಾಣ್ತಿತ್ತು. ಆಮೇಲೆ ನಿನಗೆ ಕೊಡೋರು."

"ತೊಳೆದ ಡಬ್ಬಾನ ನನಗೆ ಯಾಕೆ ಕೊಡೋರು?"

"ನಾನೂ ಕೇಳ್ದೆ. 'ಸಿರಿಲ್ ಬಾಗಿಲು ತಟ್ತೀನಿ ಅಂದಿದ್ದಾನೆ ಡೋರೀನ್. ಅವನಿಗೆ ಅಭ್ಯಾಸ ಆಗಲಿ. ಇಡೀ ಬೀದಿ ಬಾಗಿಲು ತಟ್ಟೋಕೆ ನನ್ನ ನಂತರ ಒಬ್ಬ ಬೇಕಲ್ಲ' ಅಂದ್ರು."

ಸಿರಿಲ್ ಮುಚ್ಚಳ ಮುಚ್ಚಿದ. ಕೈಗೆ ಸಿಕ್ಕಿದ ಡಬ್ಬವನ್ನು ಹಿಡಿದು ಬೀದಿಗೆ ಎಳೆದ. ಗಾಲಿಯ ಸದ್ದು ಕೇಳಿತು. "ಕಂದು!" ಎಂದು ಯಾರೋ ಒಳಗಿನಿಂದ ಕೂಗಿದರು. ಕಾಲು ಗಂಟೆಯಲ್ಲಿ ಬೀದಿಯುದ್ದಕ್ಕೂ ಕಂದು ಡಬ್ಬಗಳು ನಿಂತವು. ಒಂದು ವಾರದ ನಂತರ ಬೀದಿಗೆ ಮನಸ್ಸು ಸ್ವಲ್ಪ ಹಗುರವಾಯಿತು.

ಅದು ನೀಲಿಯ ವಾರ.

ಬುಧವಾರ ಒಂಬತ್ತೂಮುಕ್ಕಾಲಿಗೆ ಬಂದ ಲಾರಿ ಬೀದಿಯ ಮಧ್ಯದಲ್ಲಿ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿದ. "ಏನ್ರೀ ಇದು, ಒಬ್ಬರಾದ್ರೂ ಸರಿಯಾಗಿ ಇಡಬಾರದಾ?"

ಅದೇ ಹೊತ್ತಿಗೆ ಹಿಂದಿನಿಂದ ಶವದ ಕಪ್ಪು ಕಾರು ಬಂತು. ಲಾರಿ ಮುಂದೆ, ಕಾರು ಹಿಂದೆ, ಎರಡೂ ಬದಿಗೆ ಡಬ್ಬಗಳು, ಡಬ್ಬಗಳ ಹಿಂದೆ ಕಪ್ಪು ಬಟ್ಟೆಯ ಜನ. ಯಾರಿಗೂ ಹೊರಳಲು ಜಾಗವಿಲ್ಲ. ಕೊನೆಯಲ್ಲಿ ಪಿಲ್ಲಿಂಗ್ ಸಾಹೇಬರು ಕೂಡ ಕಪ್ಪು ಟೈ ಕಟ್ಟಿಕೊಂಡು ಬಂದಿದ್ದರು. ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದವರು ಬರಿಗೈ ಹೊರಗೆ ತೆಗೆದರು.

"ಯಾರದಿದು?" ಎಂದ ಡ್ರೈವರು ಕಾರು ನೋಡಿ, ದನಿ ತಗ್ಗಿಸಿ.

"ಒಂಬತ್ತನೇ ನಂಬರು," ಎಂದಳು ಡೋರೀನ್.

ಡ್ರೈವರು ಇಳಿದ. ಕೈಗವಸು ತೆಗೆದ. "ನಮಗೆ ಕ್ರಿಸ್‌ಮಸ್‌ಗೆ ಶುಂಠಿ ಕೇಕು ಕೊಡೋ ಅಮ್ಮನಾ? ಅವರು ಯಾವತ್ತೂ ತಪ್ಪು ಬಣ್ಣ ಇಟ್ಟಿದ್ದೇ ಇಲ್ಲ."

"ನಿನ್ನೆ ಇಟ್ಟವನು ನಾನು," ಎಂದ ಸಿರಿಲ್.

ಡ್ರೈವರು ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಲಾರಿ ಹತ್ತಿದ. ಲಾರಿ ಮುಂದೆಯೇ ಹೋಗಬೇಕಾಗಿತ್ತು, ಕಾರು ಅದರ ಹಿಂದೆಯೇ. ಹಾಗೆ ಮಿಸ್ ಗೋರ್ನಲ್ ಅವರ ಶವಯಾತ್ರೆ ಚರ್ಚಿನ ತನಕ ಕಸದ ಲಾರಿಯನ್ನು ಮುಂದಿಟ್ಟುಕೊಂಡು ನಡೆಯಿತು. ಲಾರಿಯ ಹಳದಿ ದೀಪ ತಿರುಗುತ್ತಿತ್ತು, ಇಬ್ಬರು ಕೆಲಸದವರು ಟೋಪಿ ತೆಗೆದು ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದರು. ತುಂಬಿದ ಇಪ್ಪತ್ತೆರಡು ಕಂದು ಡಬ್ಬಗಳು ಎರಡೂ ಕಡೆ ನೇರವಾಗಿ ನಿಂತು ಬೀಳ್ಕೊಟ್ಟವು. ಸಾಲು ನೇರವಾಗಿತ್ತು. ಅದನ್ನು ಮಾತ್ರ ಅವರು ನೋಡಿದ್ದರೆ ಮೆಚ್ಚುತ್ತಿದ್ದರು.

ಪೂಜೆ ಮುಗಿದು ಎಲ್ಲರೂ ಸಮಾಧಿಯ ಹತ್ತಿರ ನಿಂತರು. ಫಾದರ್ ಕೀಗನ್ ಪುಸ್ತಕ ಮುಚ್ಚಿ ಸಿರಿಲ್ ಕಡೆ ನೋಡಿದರು. ಸಿರಿಲ್ ಮುಂದೆ ಬಂದ. ಜೇಬಿನಲ್ಲಿದ್ದ ಕೈ ತೆಗೆದು ಮುಗಿದ.

"ಪ್ರಭುವೇ, ಇವರಿಗೆ ವಿಶ್ರಾಂತಿ ಕೊಡು," ಎಂದ. "ಇವರ ಮೇಲೆ ನಿನ್ನ ಬೆಳಕು..."

ಅಲ್ಲಿಗೆ ನಿಂತ. ಐವತ್ತು ವರ್ಷದ ಹಿಂದೆ ಎಲ್ಲಿ ನಿಂತಿದ್ದನೋ ಸರಿಯಾಗಿ ಅಲ್ಲಿಗೇ. ಗಾಳಿ ಬೀಸಿತು. ಮಾವಿಸ್ ನೆಲ ನೋಡಿದಳು. ಸ್ನೇಪ್‌ನಿಗೆ ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ಮುಂದಿನ ಮಾತನ್ನು ಪಿಸುಗುಟ್ಟಲು ಬಗ್ಗಿದ.

"ಯಾರೂ ಹೇಳಿಕೊಡಬೇಡಿ," ಎಂದಳು ಡೋರೀನ್. "ಅವನೇ ಹೇಳಲಿ. ನಾವು ಕಾಯೋಣ."

ಬೀದಿ ಕಾದು ನಿಂತಿತು. ಫಾದರ್ ಕಾದರು. ಪಿಲ್ಲಿಂಗ್ ಸಾಹೇಬರೂ ಗಡಿಯಾರ ನೋಡದೆ ಕಾದರು. ಅಷ್ಟರಲ್ಲಿ ಚರ್ಚಿನ ಗೋಪುರದಲ್ಲಿ ಹನ್ನೆರಡರ ಗಂಟೆ ಶುರುವಾಯಿತು. ಕೊನೆಯ ಹೊಡೆತ ನಿಂತ ಮೇಲೆ ಸಿರಿಲ್ ತಲೆ ಎತ್ತಿದ. ಪುಸ್ತಕದ ಮಾತು ಅವನಿಗೆ ಕೊನೆಗೂ ನೆನಪಾಗಲಿಲ್ಲ.

"ಪ್ರಭುವೇ, ಹನ್ನೆರಡು ಹೊಡೆಯಿತು. ಇವರನ್ನು ಒಳಗೆ ಕರೆದುಕೋ. ನಾವು ಇವರನ್ನು ಎರಡು ದಿನ ಒಬ್ಬರನ್ನೇ ಬಿಟ್ಟೆವು, ನೀನು ಒಂದು ಗಳಿಗೆಯೂ ಬಿಡಬೇಡ. ಇವರು ಎಷ್ಟೋ ಬಾಗಿಲು ತಟ್ಟಿದವರು. ಇವತ್ತು ನಿನ್ನ ಬಾಗಿಲಿಗೆ ಬಂದಿದ್ದಾರೆ, ತಡಮಾಡದೆ ತೆಗೆ. ನಾನು ಮರೆತದ್ದನ್ನು ಕ್ಷಮಿಸು. ಇನ್ನು ಮೇಲೆ ಮರೆಯದ ಹಾಗೆ ಮಾಡು. ನಿನ್ನ ಬೆಳಕು ಇವರ ಮೇಲೆ ಆರದೆ ಇರಲಿ. ಇವರ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್."